ಸೀಲ್‌ಡೌನ್ ಆದ ಬೀದಿಯ ಹಾಲಿಗೂ ಒಂದು ದಾರಿ ಬೇಕು

ಮಾನ್ಯ ಸಂಪಾದಕರೇ,

ನಾನು ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ 19 ವರ್ಷಗಳಿಂದ ಕಾರ್ಯದರ್ಶಿಯಾಗಿದ್ದೇನೆ. ಕೊರೊನಾ ಸೋಂಕು ಕಂಡುಬಂದ ಬೀದಿಯನ್ನು ಸೀಲ್‌ಡೌನ್ ಮಾಡುವಾಗ ಆ ಬೀದಿಯ ದನಕರುಗಳನ್ನೂ ಅವುಗಳ ಹಾಲನ್ನೂ ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ ಎಂಬ ಒಂದೇ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಜಿಲ್ಲಾಡಳಿತದ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ನಮ್ಮ ಊರಿನಲ್ಲಿ ನಡೆದದ್ದನ್ನು ಮೊದಲಿನಿಂದ ಹೇಳದೆ ಇದು ಅರ್ಥವಾಗುವುದಿಲ್ಲವಾದ್ದರಿಂದ ದಯವಿಟ್ಟು ಮನ್ನಿಸಬೇಕು.

2020ರ ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ ಆದ ದಿನವೂ ನಮ್ಮ ಡೇರಿಯ ಬಾಗಿಲು ಬೆಳಿಗ್ಗೆ ಮತ್ತು ಸಂಜೆ ಎರಡು ಹೊತ್ತೂ ತೆರೆದಿತ್ತು. ಅದಾಗಿ ಎರಡೇ ದಿನಕ್ಕೆ ಲಾಕ್‌ಡೌನ್ ಘೋಷಣೆಯಾಯಿತು, 25ರಂದು ಯುಗಾದಿ. ಎಣ್ಣೆಸ್ನಾನ ಮಾಡಿ ಹೊಸ ಬಟ್ಟೆ ಉಟ್ಟು ಬರಬೇಕಾದವರು ಬಾಯಿಗೆ ಟವೆಲ್ ಕಟ್ಟಿಕೊಂಡು, ನಾನು ಬ್ಲೀಚಿಂಗ್ ಪುಡಿಯಲ್ಲಿ ಬರೆದಿದ್ದ ಗುಂಡುಗೆರೆಗಳ ಒಳಗೆ ಒಬ್ಬೊಬ್ಬರಾಗಿ ನಿಂತು ಹಾಲು ಹಾಕಿ ಹೋದರು. ಹೊಸತೊಡಕಿನ ದಿನವೂ ಊರು ಸಪ್ಪಗಿತ್ತು. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಗಾಳಿಸುದ್ದಿ ಮೊದಲೇ ಹಬ್ಬಿ, ಫಾರಂ ಇಟ್ಟವರು ಸಿಕ್ಕಿದ ಬೆಲೆಗೆ ಕೋಳಿ ಮಾರಿ ಕೈಸುಟ್ಟುಕೊಂಡಿದ್ದರು. ಹಾಲಿನ ಬಗ್ಗೆಯೂ ಇಂಥದ್ದೊಂದು ಮಾತು ಹುಟ್ಟಿದರೆ ಏನು ಗತಿ ಎಂಬ ಹೆದರಿಕೆ ನನಗೆ ಆಗಲೇ ಶುರುವಾಗಿತ್ತು.

ಮೊದಲ ವಾರದಲ್ಲಿ ಊರೂರಿನವರು ರಸ್ತೆಗೆ ಮುಳ್ಳು ಹಾಕಿ, ಕೆಲವೆಡೆ ಜೆಸಿಬಿ ತಂದು ಹಳ್ಳ ತೋಡಿ, ಹೊರಗಿನವರು ಬಾರದಂತೆ ಮಾಡಿಕೊಂಡರು. ನಮ್ಮ ರೂಟಿನ ಹಾಲಿನ ವಾಹನದ ಗಾಜಿಗೆ 'ಅಗತ್ಯ ಸೇವೆ – ಹಾಲು' ಎಂಬ ಚೀಟಿ ಅಂಟಿಸಿದ್ದರೂ ಒಂದು ಸಂಜೆ ಪಕ್ಕದ ಊರಿನ ಹಳ್ಳದ ಆಚೆಯೇ ಅದು ನಿಂತುಹೋಯಿತು. ಊರಿನ ಹುಡುಗರು ಕ್ಯಾನುಗಳನ್ನು ಟ್ರ್ಯಾಕ್ಟರಿಗೆ ಏರಿಸಿ, ಹೊಲದ ಬದುವಿನ ಮೇಲೆ ಸುತ್ತಿಬಳಸಿ ವಾಹನದವರೆಗೆ ಮುಟ್ಟಿಸಿದ್ದರಿಂದ ಆ ದಿನದ ಹಾಲು ಗೆಜ್ಜಲಗೆರೆಯ ಹಾಲು ಒಕ್ಕೂಟದ ಡೇರಿ ಸೇರಿತು. ಹೋಟೆಲು, ಟೀ ಅಂಗಡಿಗಳು ಮುಚ್ಚಿ, ಮದುವೆಗಳು ನಿಂತು, ಶಾಲೆಗಳು ಬಂದಾಗಿ ಕ್ಷೀರಭಾಗ್ಯದ ಹಾಲಿನ ಪುಡಿಗೂ ಬೇಡಿಕೆ ಇಲ್ಲದ ಕಾಲ ಅದು. ಆದರೂ ಹಾಲು ಕೊಳ್ಳುವುದನ್ನು ನಿಲ್ಲಿಸಲಿಲ್ಲ. ಏಪ್ರಿಲ್‌ನಲ್ಲಿ ಸರ್ಕಾರ ಹೆಚ್ಚುವರಿ ಹಾಲನ್ನು ಕೊಂಡು ಕೊಳೆಗೇರಿಗಳ ಬಡವರಿಗೆ ಉಚಿತವಾಗಿ ಹಂಚಿಸಿತು. ಆ ನಿರ್ಧಾರಕ್ಕೆ ನಮ್ಮಂಥ ಊರುಗಳು ಋಣಿಯಾಗಿವೆ ಎಂದು ಮನಸ್ಸು ಬಿಚ್ಚಿ ಹೇಳುತ್ತೇನೆ. ಟೊಮೆಟೊ, ಕೋಸು ಹೊಲದಲ್ಲೇ ಕೊಳೆತಾಗ, ರೇಷ್ಮೆಗೂಡಿನ ಬೆಲೆ ಬಿದ್ದಾಗ, ಎಳನೀರು ಮರದಲ್ಲೇ ಬಲಿತು ಕಾಯಾದಾಗ, ಮನೆಗೆ ಉಪ್ಪು ಮೆಣಸಿನಕಾಯಿ ತಂದದ್ದು ಹಾಲಿನ ಬಟವಾಡೆಯ ಹಣವೊಂದೇ.

ಹೀಗೆ ಏಪ್ರಿಲ್ ಕಳೆಯಿತು. ಮೇ ತಿಂಗಳಲ್ಲಿ ಮುಂಬೈಯಿಂದ ನಮ್ಮವರು ಬರತೊಡಗಿದರು.

ಈ ತಾಲ್ಲೂಕಿನಿಂದಲೂ ನಾಗಮಂಗಲ ತಾಲ್ಲೂಕಿನಿಂದಲೂ ಮುಂಬೈಗೆ ದುಡಿಯಲು ಹೋದವರ ಸಂಖ್ಯೆ ದೊಡ್ಡದು. ಕೆರೆಗೆ ನೀರು ಬಾರದ, ನಾಲೆಯ ಕೊನೆಯಲ್ಲಿರುವ ಊರುಗಳ ಹುಡುಗರು ಹತ್ತನೆಯ ತರಗತಿ ಮುಗಿಸಿಯೋ ಮುಗಿಸದೆಯೋ ರೈಲು ಹತ್ತಿ, ಹೋಟೆಲಿನಲ್ಲಿ ಲೋಟ ತೊಳೆದು, ಟ್ಯಾಕ್ಸಿ ಓಡಿಸಿ, ಕಾವಲು ಕಾದು, ಊರಿಗೆ ಹಣ ಕಳಿಸಿದವರು. ನಮ್ಮ ಊರಿನ ಮಾರಮ್ಮನ ಗುಡಿಯ ಗೋಪುರ ಎದ್ದದ್ದು ಆ ಹಣದಿಂದ; ನಮ್ಮ ಡೇರಿಗೆ ಹಾಲು ಕೊಡುವ ಎಷ್ಟೋ ಸೀಮೆಹಸುಗಳನ್ನು ಕೊಂಡದ್ದೂ ಆ ಹಣದಿಂದಲೇ. ಹಬ್ಬಕ್ಕೆ ಬಂದಾಗ ಇವರನ್ನು ಮುಂದೆ ಕೂರಿಸಿ ಮರ್ಯಾದೆ ಮಾಡುತ್ತಿದ್ದ ಊರು, ಕೆಲಸ ಹೋಗಿ ಕೈ ಬರಿದಾಗಿ ಬಂದಾಗ 'ಮುಂಬೈಯವರು' ಎಂದು ದೂರ ಸರಿಯಿತು. ಸರ್ಕಾರದ ನಿಯಮದಂತೆ ಅವರನ್ನು ಹಾಸ್ಟೆಲು, ಶಾಲೆಗಳಲ್ಲಿ ಕ್ವಾರಂಟೈನ್ ಮಾಡಿದ್ದು ಸರಿಯೇ. ಅದಕ್ಕೆ ಅವರೂ ತಕರಾರು ಹೇಳಲಿಲ್ಲ. ನನ್ನ ಆಕ್ಷೇಪ ಇರುವುದು ಅನಂತರ ನಡೆದದ್ದರ ಬಗ್ಗೆ.

ನಮ್ಮ ಊರಿನ ಒಂದು ಬೀದಿಯಲ್ಲಿ ಹೀಗೆ ಬಂದ ಒಬ್ಬರಿಗೆ ಮೇ ಮೂರನೆಯ ವಾರದಲ್ಲಿ ಸೋಂಕು ದೃಢಪಟ್ಟಿತು. ಅದೇ ಮಧ್ಯಾಹ್ನ ಬೀದಿಯ ಎರಡು ಬಾಯಿಗೂ ಅಡ್ಡ ಬೊಂಬು ಕಟ್ಟಿ, ಸುಣ್ಣ ಹಾಕಿ, ಔಷಧಿ ಸಿಂಪಡಿಸಿ ಸೀಲ್‌ಡೌನ್ ಮಾಡಿದರು. ಒಳಗೆ ಉಳಿದದ್ದು 11 ಮನೆ. ದಿನಸಿ, ತರಕಾರಿ, ಔಷಧಿಯನ್ನು ಮನೆ ಬಾಗಿಲಿಗೆ ತಲುಪಿಸಲು ಪಂಚಾಯಿತಿಯ ಕಾರ್ಯಪಡೆ ಅಂದೇ ಪಟ್ಟಿ ಮಾಡಿಕೊಂಡಿತು. ಹಾಲಿನ ಪ್ಯಾಕೆಟ್ಟನ್ನೂ ಆ ಪಟ್ಟಿಯಲ್ಲಿ ಬರೆದಿದ್ದರು. ಆ 11 ಮನೆಗಳ ಪೈಕಿ 7 ಮನೆಯವರು ನಮ್ಮ ಸಂಘಕ್ಕೆ ಹಾಲು ಹಾಕುವವರು. ಆ ಮನೆಗಳಲ್ಲಿ ಕರೆಯುವ ಹಸುಗಳೇ 9 ಇದ್ದವು. ಹಾಲು ಕರೆಯುವವರ ಮನೆಗೆ ಹಾಲಿನ ಪ್ಯಾಕೆಟ್ ಒದಗಿಸುವ ಏರ್ಪಾಡಾಯಿತೇ ಹೊರತು ಅವರ ಹಾಲು ಹೊರಗೆ ಬರುವುದು ಹೇಗೆಂದು ಪಟ್ಟಿ ಬರೆದವರಿಗೂ ಹೊಳೆಯಲಿಲ್ಲ, ಅಲ್ಲೇ ನಿಂತಿದ್ದ ನನಗೂ ಹೊಳೆಯಲಿಲ್ಲ.

ಸಂಜೆ ಐದೂವರೆಗೆ, ಡೇರಿ ತೆರೆದ ಹೊತ್ತಿನಲ್ಲಿ, ಆ ಬೀದಿಯ ಒಬ್ಬ ಹೆಣ್ಣುಮಗಳು ತುಂಬಿದ ಸ್ಟೀಲ್ ಕ್ಯಾನು ಹಿಡಿದು ಬೊಂಬಿನ ಆಚೆ ಬಂದು ನಿಂತಿದ್ದಾರೆಂದು ಯಾರೋ ಬಂದು ಹೇಳಿದರು. ಹೋಗಿ ನೋಡಿದೆ. ಸೋಂಕು ಬಂದದ್ದು ಅವರ ಮನೆಯವರಿಗಲ್ಲ, ನಾಲ್ಕು ಮನೆ ಆಚೆಯವರಿಗೆ. ಅವರ ಒಂದೇ ಹಸು ಹೊತ್ತಿಗೆ ಎಂಟು ಲೀಟರ್ ಹಾಲು ಕೊಡುತ್ತದೆ. ಈ ಹಾಲನ್ನು ಇವತ್ತು ತೆಗೆದುಕೊಳ್ಳಲು ಆಗುವುದಿಲ್ಲ, ನಾಳೆ ಕೇಳಿ ಹೇಳುತ್ತೇನೆ ಎಂದೆ. ಅವರು ಜಗಳಕ್ಕೆ ಬರಲಿಲ್ಲ. 'ಕರೀದೆ ಬುಟ್ರೆ ಕೆಚ್ಲು ಕಟ್ಕತದೆ ಕನಣ್ಣ, ಕರ್ದಿರೊ ಹಾಲ ಎಲ್ಗೆ ಸುರೀಲಿ?' ಎಂದು ಕೇಳಿ, ಸ್ವಲ್ಪ ಹೊತ್ತು ನಿಂತು, ನನ್ನಿಂದ ಉತ್ತರ ಬಾರದ್ದನ್ನು ನೋಡಿ ಹಿಂತಿರುಗಿದರು. ಬೀದಿಯ ಕೊನೆಯ ತೆಂಗಿನ ಮರದ ಪಾತಿಗೆ ಕ್ಯಾನನ್ನು ಬಗ್ಗಿಸಿ ಹಾಲು ಸುರಿದದ್ದನ್ನು ನಾನು ಕಣ್ಣಾರೆ ನೋಡಿದೆ. ಬೇಸಿಗೆಯ ಒಣಮಣ್ಣು ನೀರನ್ನು ಕುಡಿದಷ್ಟು ಬೇಗ ಹಾಲನ್ನು ಕುಡಿಯುವುದಿಲ್ಲ. ಪಾತಿಯಲ್ಲಿ ಬೆಳ್ಳಗೆ ನಿಂತಿತ್ತು. 19 ವರ್ಷದಲ್ಲಿ ನೀರು ಬೆರೆತ ಹಾಲನ್ನು, ಒಡೆದ ಹಾಲನ್ನು ವಾಪಸು ಕಳಿಸಿದ್ದೇನೆ. ಚೊಕ್ಕ ಹಾಲನ್ನು ವಾಪಸು ಕಳಿಸಿದ್ದು ಅದೇ ಮೊದಲು.

ಆ ರಾತ್ರಿಯೇ ಡೇರಿಯ ಜಗುಲಿಯಲ್ಲಿ ನಿರ್ದೇಶಕರು ದೂರ ದೂರ ನಿಂತು ಮಾತಾಡಿದರು. ಹಾಲು ತೆಗೆದುಕೊಳ್ಳಬಾರದು ಎಂದವರನ್ನು ನಾನು ಕೆಟ್ಟವರೆಂದು ಇಲ್ಲಿ ಬರೆಯುವುದಿಲ್ಲ. ಆ ಬೀದಿಯ ಹಾಲು ಬೆರೆತಿದೆ ಎಂದು ಸುದ್ದಿಯಾಗಿ ನಮ್ಮ ಊರಿನ ಕ್ಯಾನುಗಳನ್ನೇ ಬೇಡವೆಂದರೆ ಉಳಿದ ನೂರಕ್ಕೂ ಹೆಚ್ಚು ಮನೆಗಳ ಗತಿಯೇನು ಎಂಬ ಅವರ ಭಯಕ್ಕೆ ಕಾರಣವಿತ್ತು. ಆದರೆ ಅದು ಭಯವೇ ಹೊರತು ನಿಯಮವಲ್ಲ. ತೆಗೆದುಕೊಳ್ಳಬೇಡಿ ಎಂಬ ಲಿಖಿತ ಆದೇಶ ನಮಗೆ ಬಂದಿರಲಿಲ್ಲ. ತೆಗೆದುಕೊಳ್ಳಿ ಎಂದೂ ಯಾರೂ ಹೇಳಿರಲಿಲ್ಲ. ಫೋನ್ ಮಾಡಿದ ಮೂರು ಕಡೆಯೂ ಮೇಲಿನವರನ್ನು ಕೇಳಿ ಹೇಳುತ್ತೇವೆ ಎಂಬ ಒಂದೇ ಉತ್ತರ ಸಿಕ್ಕಿತು. ಹೀಗೆ ನಾಲ್ಕು ದಿನ ಕಳೆದವು. ನನ್ನ ಜವಾಬ್ದಾರಿಯ ಮೇಲೆ ತೆಗೆದುಕೊಳ್ಳುತ್ತೇನೆ ಎಂದು ಮೊದಲ ದಿನವೇ ಹೇಳಬಹುದಾಗಿದ್ದ ನಾನು ಹೇಳಲಿಲ್ಲ. ಆ ನಾಲ್ಕು ದಿನದ ತಪ್ಪಿನಲ್ಲಿ ನನ್ನ ಪಾಲು ದೊಡ್ಡದು.

ನಾಲ್ಕು ದಿನವೆಂದರೆ ಹಸುವಿಗೆ ಎಂಟು ಹೊತ್ತಿನ ಕರಾವು. ಮೊದಲ ದಿನ ಹೆಪ್ಪು ಹಾಕಿದರು, ಬೆಣ್ಣೆ ತೆಗೆದರು, ತುಪ್ಪ ಕಾಯಿಸಿದರು. ಮನೆಯಲ್ಲಿರುವ ಪಾತ್ರೆಗಳು ಎಷ್ಟು ಮೊಸರನ್ನು ಹಿಡಿದಾವು? ಕರುಗಳಿಗೆ ಹೊಟ್ಟೆ ಬಿರಿಯುವಷ್ಟು ಬಿಟ್ಟು, ಎರಡು ಕರುಗಳಿಗೆ ಭೇದಿ ಹತ್ತಿತು. ಹಾಲು ಬತ್ತಲಿ ಎಂದು ಒಬ್ಬರು ಹೊತ್ತು ಬಿಟ್ಟು ಹೊತ್ತು ಕರೆದದ್ದರಿಂದ ಆ ಹಸುವಿಗೆ ಕೆಚ್ಚಲುಬಾವು ಬಂತು. ಪಶುವೈದ್ಯರು ಬಂದರೂ ಬೊಂಬು ದಾಟಿ ಹೋಗಲು ಅನುಮತಿ ಸಿಗುವ ಹೊತ್ತಿಗೆ ಒಂದು ಮೊಲೆ ಕೆಟ್ಟಿತ್ತು. ಹೊಲದಲ್ಲಿ ಹಸಿಮೇವು ನಿಂತಿದ್ದರೂ ಕೊಯ್ಯಲು ಒಳಗಿನವರು ಹೊರಗೆ ಬರುವಂತಿಲ್ಲ. ಒಣ ರಾಗಿ ಹುಲ್ಲನ್ನೇ ಹಾಕಿದ್ದರಿಂದ ಉಳಿದ ಹಸುಗಳ ಹಾಲೂ ಇಳಿಯಿತು. ಬೆದೆಗೆ ಬಂದ ಒಂದು ಹಸುವಿಗೆ ಗರ್ಭಧಾರಣೆಯ ಇಂಜೆಕ್ಷನ್ ಹಾಕಿಸಲು ಆಗಲಿಲ್ಲ. ಬೆದೆ ಒಂದು ದಿನವೂ ನಿಲ್ಲುವುದಿಲ್ಲ; ತಪ್ಪಿದರೆ ಮತ್ತೆ 21 ದಿನ ಕಾಯಬೇಕು, ಆ 21 ದಿನದ ನಷ್ಟ ಮುಂದಿನ ಕರಾವಿನ ಲೆಕ್ಕಕ್ಕೆ ಸೇರುತ್ತದೆ. ಪೇಟೆಯಲ್ಲಿ ಒಂದು ಅಂಗಡಿಯನ್ನು ಒಂದು ತಿಂಗಳು ಮುಚ್ಚಿ ಮತ್ತೆ ತೆರೆದರೆ ಸಾಮಾನು ಅಲ್ಲೇ ಇರುತ್ತದೆ. ಕೊಟ್ಟಿಗೆಯನ್ನು ಹಾಗೆ ಮುಚ್ಚಿಡಲು ಬರುವುದಿಲ್ಲ ಎಂಬುದನ್ನು ಆದೇಶ ಬರೆಯುವವರು ತಿಳಿಯಬೇಕೆಂಬುದೇ ನನ್ನ ಕಳಕಳಿ.

ಹಣದ ಲೆಕ್ಕವನ್ನೂ ಹೇಳುತ್ತೇನೆ. ಆ ಹೆಣ್ಣುಮಗಳಿಗೆ ಎರಡು ಹೊತ್ತಿನ ಹಾಲಿನಿಂದ ದಿನಕ್ಕೆ ಬರುತ್ತಿದ್ದದ್ದು ಸುಮಾರು 400 ರೂಪಾಯಿ; ಹಿಂಡಿ, ಬೂಸಾದ ಖರ್ಚು ಕಳೆದರೆ ಅದರಲ್ಲಿ ಅರ್ಧ ಉಳಿಯುತ್ತಿತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ ಜನಧನ್ ಖಾತೆ ಇರುವ ಮಹಿಳೆಯರಿಗೆ ಕೇಂದ್ರ ಸರ್ಕಾರ ಕೊಟ್ಟದ್ದು ತಿಂಗಳಿಗೆ 500 ರೂಪಾಯಿ. ಆ ನೆರವು ಸಣ್ಣದೆಂದು ನಾನು ಹೇಳುತ್ತಿಲ್ಲ. ಬ್ಯಾಂಕಿನ ಮುಂದೆ ಬಿಸಿಲಿನಲ್ಲಿ ಅದಕ್ಕಾಗಿ ನಿಂತವರ ಸಾಲನ್ನು ನಾನೂ ನೋಡಿದ್ದೇನೆ. ಆದರೆ ಒಂದು ಕೈಯಿಂದ ತಿಂಗಳಿಗೆ 500 ಕೊಟ್ಟು, ದಿನಕ್ಕೆ 400ರ ಹಾಲನ್ನು ತೆಂಗಿನ ಪಾತಿಗೆ ಸುರಿಸಿದರೆ ಆ ಮನೆ ನೆಲೆ ನಿಲ್ಲುವುದು ಹೇಗೆ?

ನಾಲ್ಕನೆಯ ದಿನ ಆರೋಗ್ಯ ಕೇಂದ್ರದವರು ಊರಿಗೆ ಬಂದಾಗ ಡೇರಿಯ ಮುಂದೆ ನಿಲ್ಲಿಸಿ ಕೇಳಿದೆವು. ಆಹಾರ ಪದಾರ್ಥಗಳಿಂದ ಈ ಸೋಂಕು ಹರಡುತ್ತದೆ ಎನ್ನಲು ಆಧಾರ ಸಿಕ್ಕಿಲ್ಲವೆಂದೂ, ಹರಡುವುದು ಮನುಷ್ಯರು ಹತ್ತಿರ ಸೇರುವುದರಿಂದಲೆಂದೂ, ಜನ ಬೆರೆಯದಂತೆ ಹಾಲನ್ನು ಪಡೆದರೆ ಅಡ್ಡಿಯಿಲ್ಲವೆಂದೂ ಅವರು ಬಿಡಿಸಿ ಹೇಳಿದರು. ಅಲ್ಲದೆ ಊರಿಂದ ಹೋದ ಹಾಲು ಯಾರ ಬಾಯಿಗೂ ಹಸಿಯಾಗಿ ಹೋಗುವುದಿಲ್ಲ. ಒಕ್ಕೂಟದ ಡೇರಿಯಲ್ಲಿ ಅದನ್ನು 72 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15 ಸೆಕೆಂಡು ಕಾಯಿಸಿ ತಣಿಸಿದ ಮೇಲೆಯೇ ಪ್ಯಾಕೆಟ್ಟಿಗೆ ತುಂಬುತ್ತಾರೆ. ಇದು ನನಗೆ ಮೊದಲಿಂದಲೂ ಗೊತ್ತಿದ್ದ ಮಾತು. ಅದನ್ನು ವೈದ್ಯಕೀಯ ತಿಳಿದವರ ಬಾಯಿಂದ ಕೇಳಿದ ಮೇಲೆ ನಿರ್ದೇಶಕರೂ ಒಪ್ಪಿದರು.

ಐದನೆಯ ದಿನದಿಂದ ನಾವು ಮಾಡಿಕೊಂಡ ಏರ್ಪಾಡು ಬಹಳ ಸರಳ. ಡೇರಿಯಲ್ಲಿ ಉಳಿದವರ ಸಾಲು ಮುಗಿದ ಮೇಲೆ ಒಂದು ಕ್ಯಾನು, ಲೀಟರ್ ಅಳತೆ, ಸೋಸುವ ಜಾಲರಿಯನ್ನು ಬೊಂಬಿನ ಪಕ್ಕದ ಬೆಂಚಿನ ಮೇಲೆ ಇಟ್ಟು ನಾವು ಹಿಂದೆ ಸರಿಯುತ್ತಿದ್ದೆವು. ಒಳಗಿನವರು ಸೋಪಿನಲ್ಲಿ ಕೈ ತೊಳೆದು, ಮಾಸ್ಕ್ ಕಟ್ಟಿಕೊಂಡು, ಒಬ್ಬೊಬ್ಬರಾಗಿ ಬಂದು ತಾವೇ ಅಳೆದು ಸುರಿದು, ಮಾದರಿಯ ಸೀಸೆಯನ್ನು ತುಂಬಿಸಿಟ್ಟು ಹೋಗುತ್ತಿದ್ದರು. ಪಾಸ್‌ಬುಕ್ ಕೈ ಬದಲಾಯಿಸುತ್ತಿರಲಿಲ್ಲ. ನಾನು ಡೇರಿಗೆ ಬಂದು ಯಂತ್ರದಲ್ಲಿ ಪರೀಕ್ಷಿಸಿ, ಫ್ಯಾಟ್ ಎಷ್ಟು, ಹಾಲಿನ ಗಟ್ಟಿತನದ ಡಿಗ್ರಿ ಎಷ್ಟು ಎಂದು ಫೋನ್‌ನಲ್ಲಿ ಓದಿ ಹೇಳುತ್ತಿದ್ದೆ. ಅವರು ಅದನ್ನು ಬರೆದುಕೊಂಡು ಮತ್ತೊಮ್ಮೆ ಓದಿ ಒಪ್ಪಿಸುತ್ತಿದ್ದರು. ಹಸಿಮೇವು ಕೊಯ್ದು ತಂದು ಬೊಂಬಿನ ಬಳಿ ಇಳಿಸುವ ಕೆಲಸವನ್ನು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಕಳೆದುಕೊಂಡು ಬಂದಿದ್ದ ಇಬ್ಬರು ಹುಡುಗರು ವಹಿಸಿಕೊಂಡರು. ಆಶಾ ಕಾರ್ಯಕರ್ತೆ ಪ್ರತಿದಿನ ಆ ಮನೆಗಳಿಗೆ ಹೋಗಿ ಜ್ವರ, ಕೆಮ್ಮು ವಿಚಾರಿಸಿ ಬರುತ್ತಿದ್ದುದರಿಂದ ಯಾವ ಮನೆಯವರು ಹಾಲು ಕರೆಯಬಹುದು, ಯಾರು ಬೇಡ ಎಂಬ ವಿಚಾರದಲ್ಲಿ ಅವರ ಮಾತನ್ನೇ ಪ್ರಮಾಣವಾಗಿ ಇಟ್ಟುಕೊಂಡೆವು. ಆಸ್ಪತ್ರೆಗೆ ಹೋದವರ ಮನೆಯ ಹಸುವನ್ನು ಪಕ್ಕದ ಮನೆಯವರೇ ಕರೆದುಕೊಟ್ಟರು. ಸೀಲ್‌ಡೌನ್ ತೆರವಾಗುವವರೆಗೆ ಇದು ಒಂದು ಹೊತ್ತೂ ತಪ್ಪದೆ ನಡೆಯಿತು. ಸೋಂಕು ಆ ಒಬ್ಬರಿಂದ ಆಚೆಗೆ ದಾಟಲಿಲ್ಲ, ಅವರೂ ಗುಣವಾಗಿ ಮನೆಗೆ ಬಂದಿದ್ದಾರೆ.

ಇಷ್ಟು ಸುಲಭದ ಕೆಲಸಕ್ಕೆ ನಾಲ್ಕು ದಿನ ಹಿಡಿದದ್ದು ಏಕೆಂದು ಯೋಚಿಸಿದಾಗ, ಕುಂದು ನಿಯಮಗಳನ್ನು ಬರೆದ ರೀತಿಯಲ್ಲಿದೆ ಎಂದು ನನಗೆ ತೋರುತ್ತದೆ. ಏಪ್ರಿಲ್ 15ರ ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿಯಲ್ಲಿ ಹಾಲಿನ ಸಂಗ್ರಹ, ಸಂಸ್ಕರಣೆ, ಸಾಗಣೆಗೆ ಸ್ಪಷ್ಟವಾಗಿ ಅವಕಾಶ ಕೊಟ್ಟಿದ್ದಾರೆ. ಆದರೆ ಹೀಗೆ ಕೊಟ್ಟ ವಿನಾಯಿತಿಗಳು ಕಂಟೈನ್‌ಮೆಂಟ್ ವಲಯದ ಒಳಗೆ ಅನ್ವಯಿಸುವುದಿಲ್ಲ. ಅಲ್ಲಿಗೆ ಅಗತ್ಯ ವಸ್ತುಗಳ ಪೂರೈಕೆ ಮಾತ್ರ. ಪೂರೈಕೆ ಎಂದರೆ ಒಳಗೆ ಹೋಗುವುದು ಎಂದೇ ಎಲ್ಲರೂ ತಿಳಿದಿದ್ದಾರೆ. ಸೀಲ್ ಆದ ಬೀದಿಯವರು ಕೊಳ್ಳುವವರೇ ಹೊರತು ಬೆಳೆಯುವವರಲ್ಲ ಎಂಬ ಎಣಿಕೆ ಮೈಸೂರಿನ ಬಡಾವಣೆಗೆ ಸರಿಹೊಂದಬಹುದು. ನಮ್ಮ ಊರಿನಲ್ಲಿ ಪ್ರತಿ ಮನೆಯಿಂದ ದಿನಕ್ಕೆ ಎರಡು ಸಲ ಏನಾದರೂ ಹೊರಗೆ ಹೋಗಲೇಬೇಕು. ರೇಷ್ಮೆ ಸಾಕುವವರ ಪಾಡು ಇದಕ್ಕಿಂತ ಕಷ್ಟ. ನಾಲ್ಕನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೊತ್ತು ಹೊತ್ತಿಗೆ ಬೀಳದಿದ್ದರೆ ಇಡೀ ಬೆಳೆ ತಿಪ್ಪೆಗೆ ಹೋಗುತ್ತದೆ. ಅದನ್ನು ಬಲ್ಲವರು ಬೇರೆ ಬರೆಯಲಿ. ನಾನು ಹಾಲಿನವನು, ಹಾಲಿನ ಮಾತನ್ನೇ ಹೇಳುತ್ತೇನೆ.

ಜಿಲ್ಲಾಡಳಿತದಲ್ಲಿ ನನ್ನ ಮನವಿ ಇಷ್ಟು. ಹಳ್ಳಿಯಲ್ಲಿ ಬೀದಿಯನ್ನು ಸೀಲ್‌ಡೌನ್ ಮಾಡುವ ಆದೇಶದಲ್ಲಿ ಎಷ್ಟು ಮನೆ, ಎಷ್ಟು ಜನ ಎಂದು ಬರೆಯುವಂತೆ ಕರೆಯುವ ಹಸು, ಎಮ್ಮೆ ಎಷ್ಟು ಎಂಬುದನ್ನೂ ಬರೆಯಬೇಕು. ಇದಕ್ಕೆ ಹೊಸ ಸಮೀಕ್ಷೆ ಬೇಕಿಲ್ಲ, ಆಯಾ ಊರಿನ ಡೇರಿಯ ಪುಸ್ತಕ ನೋಡಿದರೆ ಐದು ನಿಮಿಷದಲ್ಲಿ ಸಿಗುತ್ತದೆ. ಬೊಂಬು ಕಟ್ಟಿದ ದಿನದ ಸಂಜೆಯಿಂದಲೇ ಅಲ್ಲಿಯೇ ಹಾಲು ಪಡೆಯಬೇಕೆಂದು ಸಂಘಗಳಿಗೆ ಲಿಖಿತ ಸೂಚನೆ ಹೋಗಬೇಕು. ಬಾಯಿಮಾತು ಸಾಲದು, ಕಾರ್ಯದರ್ಶಿ ಎಂಬುವವನು ಊರಿನವರ ಮಧ್ಯೆಯೇ ಬದುಕಬೇಕಾದವನು, ಅವನ ಕೈಯಲ್ಲಿ ಒಂದು ಕಾಗದವಿದ್ದರೆ ಮಾತ್ರ ಗಟ್ಟಿಯಾಗಿ ನಿಲ್ಲಬಲ್ಲ. ಮೇವು ತರಲು ಒಬ್ಬರಿಗೆ ಪಾಸು, ಪಶುವೈದ್ಯರಿಗೂ ಕೃತಕ ಗರ್ಭಧಾರಣೆಯ ಕಾರ್ಯಕರ್ತರಿಗೂ ರಕ್ಷಣೆಯ ಉಡುಪಿನೊಂದಿಗೆ ಒಳಗೆ ಹೋಗಲು ಮೊದಲೇ ಅನುಮತಿ ಇರಬೇಕು. ಇಷ್ಟರ ಮೇಲೂ ಯಾವುದೋ ಕಾರಣಕ್ಕೆ ಹಾಲು ತೆಗೆದುಕೊಳ್ಳಲು ಸಾಧ್ಯವೇ ಇಲ್ಲವೆಂದಾದರೆ, ಹಿಂದಿನ ಬಟವಾಡೆಯ ಸರಾಸರಿ ನೋಡಿ ಅಷ್ಟು ದಿನದ ಹಣವನ್ನು ಪರಿಹಾರವಾಗಿ ಕೊಡಬೇಕು. ಸೋಂಕು ಊರಿಗೆ ಹರಡದಿರಲಿ ಎಂದು ಆ ಮನೆಯವರು ಒಳಗೆ ಕುಳಿತಿರುವಾಗ ಅದರ ಪೂರಾ ನಷ್ಟವನ್ನು ಅವರೇ ಹೊರಬೇಕೆನ್ನುವುದು ನ್ಯಾಯವಲ್ಲ.

ಈ ತಿಂಗಳ 8ರಿಂದ ಹೋಟೆಲು, ದೇವಸ್ಥಾನಗಳು ತೆರೆದಿವೆ, 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಲಿದೆ, ಎಲ್ಲವೂ ಹಾದಿಗೆ ಬರುತ್ತಿದೆ ಎಂಬ ಮಾತು ಕೇಳುತ್ತಿದೆ. ಹಳ್ಳಿಗಳಲ್ಲಿ ಹಾಗೆ ಕಾಣುತ್ತಿಲ್ಲ. ಬೊಂಬು ಕಟ್ಟುವುದು ನಿಂತಿಲ್ಲ. ನಿನ್ನೆ ರಾತ್ರಿ ಹೋಬಳಿಯ ಇನ್ನೊಂದು ಊರಿನ ಡೇರಿಯ ಕಾರ್ಯದರ್ಶಿ ಫೋನ್ ಮಾಡಿದ್ದರು. ಅವರಲ್ಲಿ ಒಂದು ಬೀದಿ ಮಧ್ಯಾಹ್ನ ಸೀಲ್ ಆಗಿ, ಸಂಜೆಯ ಹಾಲನ್ನು ಯಾರೂ ತೆಗೆದುಕೊಂಡಿರಲಿಲ್ಲ. ನಾವು ಮಾಡಿದ್ದನ್ನು ಹೇಳಿ, ಬೆಂಚು ಎಲ್ಲಿಡಬೇಕು, ಕ್ಯಾನು ತೊಳೆಯಲು ಬಿಸಿನೀರಿಗೆ ಸೋಡಾ ಎಷ್ಟು ಹಾಕಬೇಕು ಎಂಬುದನ್ನೆಲ್ಲ ವಿವರಿಸಿದೆ. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಅವರು, 'ಸರಿ, ಆದರೆ ನನಗೆ ಆರ್ಡರ್ ಕಾಪಿ ಒಂದು ಇದ್ದರೆ ಕಳಿಸಿ' ಎಂದರು. ಕಳಿಸಲು ನನ್ನ ಬಳಿ ಇಲ್ಲ. ಜಿಲ್ಲಾಡಳಿತ ದಯವಿಟ್ಟು ಅದನ್ನು ಈ ವಾರದಲ್ಲೇ ಹೊರಡಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಕಾರ್ಯದರ್ಶಿ
ಕೃಷ್ಣರಾಜಪೇಟೆ ತಾಲ್ಲೂಕು, ಮಂಡ್ಯ ಜಿಲ್ಲೆ
ಜೂನ್ 2020